ಗೇಜ್ ಹೇಳದ ದಿನಗಳು

ದೇವಾಪುರದ ಹತ್ತಿರ ಕಾಲುವೆಯ ಗೇಟು ಕಾಯುವ ಅಂಬ್ರಪ್ಪನಿಗೆ ಮಾತೆಂದು ಇದ್ದದ್ದು ಬೆಳಗಿನ ಒಂದೇ ಫೋನು. ಗೇಜ್ ಕಲ್ಲಿನಲ್ಲಿ ನೀರು ಎಷ್ಟು ಅಡಿ ನಿಂತಿದೆಯೆಂದು ನೋಡಿ ಭೀಮರಾಯನಗುಡಿ ಕ್ಯಾಂಪಿನ ಆಫೀಸಿಗೆ ತಿಳಿಸಬೇಕು. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ಮೋನಮ್ಮ ಅದನ್ನು ಸೇರಿಸಿಕೊಳ್ಳುತ್ತಾಳೆ. ಹೆಂಡತಿ ತೀರಿಕೊಂಡ ಮೇಲೆ ಅವನು ಬೇಕಂತಲೇ ತಡ ಮಾಡುವುದನ್ನು ಕಲಿತಿದ್ದ. ತಡವಾದರೆ ಮೋನಮ್ಮನೇ ಫೋನ್ ಮಾಡಿ ರೇಗುತ್ತಿದ್ದಳು, ಆಮೇಲೆ ಚಹಾ ಆಯಿತೇನು ಎಂದು ಕೇಳುತ್ತಿದ್ದಳು. ಬೈಸಿಕೊಳ್ಳಲು ಕಾದು ಕೂರುವ ಗಂಡಸು ಆ ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಈ ಸಲ ನಿಜವಾಗಿಯೂ ಜ್ವರ ಬಂದು ಮಲಗಿದ. ಗೇಟಿನ ಕೋಣೆಯಲ್ಲಿ ಫೋನನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಕಾದ. ಮೊದಲ ದಿನ ಬರಲಿಲ್ಲ. ಕೆಲಸ ಹೆಚ್ಚಿರಬೇಕು ಎಂದುಕೊಂಡ. ಮರುದಿನವೂ ಬರಲಿಲ್ಲ. ನೀರಿನ ಸರದಿ ಮುಗಿದು ಮೇಲಿನ ಗೇಟು ಮುಚ್ಚಿದರು, ಕಾಲುವೆಯ ಸದ್ದೇ ನಿಂತಿತು, ಆಗಲೂ ಯಾರೂ ಕೇಳಲಿಲ್ಲ. ಜ್ವರಕ್ಕಿಂತ ಅದೇ ಅವನನ್ನು ಹೈರಾಣು ಮಾಡಿತು.

ಮೈಗೆ ಕಸುವು ಬಂದೊಡನೆ ಬಸ್ ಹತ್ತಿ ಕ್ಯಾಂಪಿಗೆ ಹೋದ. ಮೋನಮ್ಮ ಕುರ್ಚಿ ಕೊಟ್ಟು, ಅದೇ ವಾರ ಶುರುವಾದ ಹೊಸ ಏರ್ಪಾಟನ್ನು ಉಮೇದಿನಿಂದ ತೋರಿಸಿದಳು. ಲೆಕ್ಕವನ್ನೆಲ್ಲ ಡೇಟಾ ಫ್ರೇಮ್ ಎಂಬ ಕಂಪ್ಯೂಟರ್ ಕೋಷ್ಟಕಕ್ಕೆ ಹಾಕಿದ್ದಾಳೆ: ಎಡಕ್ಕೆ ದಿನ, ವೇಳೆ; ಬಲಕ್ಕೆ ಗೇಟಿಗೊಂದು ಕಾಲಂ. ದಿನಕ್ಕೊಂದಿದ್ದ ಅಂಕಿ ಈಗ ಗಂಟೆಗೊಂದಾಗಿ ಮಾರ್ಪಟ್ಟಿದೆ. ಅಂಕಿ ಬಾರದ ಗಂಟೆಗೂ ದಿನಕ್ಕೂ ಹಿಂದಿನದನ್ನೇ ಅದು ಮುಂದಕ್ಕೆ ತುಂಬಿಕೊಳ್ಳುತ್ತದಂತೆ. ಯಾರಿಗೂ ಫೋನ್ ಮಾಡುವ ತಾಪತ್ರಯವಿಲ್ಲವಂತೆ.

ಅಂಬ್ರಪ್ಪ ದೇವಾಪುರದ ಕಾಲಂ ಹುಡುಕಿದ. ಅವನು ಮಲಗಿದ್ದ ದಿನಗಳೂ ತುಂಬಿದ್ದವು. ಬತ್ತಿದ ಕಾಲುವೆಯಲ್ಲಿ, ಜ್ವರಕ್ಕೆ ಮೊದಲು ಅವನು ಹೇಳಿದ್ದ ಆರಡಿ ನೀರು ಗಂಟೆಗಂಟೆಗೂ ನಿಂತಿತ್ತು. ತಾನು ಸತ್ತಿದ್ದರೂ ಈ ಆರಡಿ ಹೀಗೇ ನಿಂತಿರುತ್ತಿತ್ತಲ್ಲ ಎಂದುಕೊಂಡ.

“ಈ ದಿನದ್ದು ನಾ ಹೇಳಿದ್ದಲ್ಲವ್ವಾ. ಜ್ವರ ಬಂದು ಬಿದ್ದಿದ್ದೆ. ನಿನ್ನ ಫೋನ್ ಬರ್ತೈತಂತ ಕಾಯಾಕತ್ತಿದ್ದೆ.”

ಮೋನಮ್ಮನ ಮುಖ ಸಪ್ಪಗಾಯಿತು. ಆ ಅಂಕಿಗಳನ್ನೆಲ್ಲ ಅಳಿಸಿದಳು. ನೀರು ಬಂದ್ ಆದದ್ದು ಯಾವತ್ತೆಂದು ಹೇಳಿದರೆ ಸೊನ್ನೆಯಾದರೂ ಹಾಕುತ್ತೇನೆ ಎಂದಳು. ಅವನು ಬೇಡವೆಂದ.

“ನಾ ನೋಡಿಲ್ಲ. ಖಾಲಿ ಬಿಡು.”

“ಖಾಲಿ ಬಿಟ್ರ ಕೆಂಪಗ ಕಾಣ್ತೈತ್ರಿ ಕಾಕಾ. ಸಾಹೇಬ್ರು ಕೇಳ್ತಾರ.”

“ಕೇಳ್ಲಿ,” ಎಂದ ಅಂಬ್ರಪ್ಪ. “ಯಾರರ ಒಬ್ರು ಕೇಳ್ಲಿ.”