ತೊಗಟೆ ಕಾಣದ ಬಳೆ

ನಾನು ಕಬ್ಬಿಣದ ಒಂದು ಬಳೆ. ಕೈಗೆ ತೊಡುವ ಬಳೆಯಲ್ಲ, ಸೌದೆ ಅಳೆಯುವ ಬಳೆ. ಕಮ್ಮಾರ ಮೌಲಾಸಾಬಿ ಹಳೇ ಸರಳೊಂದನ್ನು ಕಾಯಿಸಿ ಬಗ್ಗಿಸಿ, ಓಬಕ್ಕನ ತೋಳಿನ ದಪ್ಪ ನೋಡಿಕೊಂಡು ನನ್ನನ್ನು ಬೆಸೆದ. "ನನ್ನ ತೋಳನ್ನೂ ಸೌದೆ ಮಾಡ್ತೀಯೇನೋ ಸಾಬಣ್ಣ" ಅಂತ ಆಕೆ ನಕ್ಕಿದ್ದಳು.

ನಮ್ಮೂರು ಚಳ್ಳಕೆರೆ ಕಡೆಯದು. ಊರಾಚೆ ಸೌದೆ ಉರಿಸಿ ಕರೆಂಟು ತೆಗೆಯುವ ಘಟಕವಿದೆ. ಊರಿನ ನೀರಿನ ಪಂಪು, ಹಿಟ್ಟಿನ ಗಿರಣಿ ನಡೆಯುವುದು ಅದರಿಂದಲೇ. ಸೌದೆ ಕೊಡುತ್ತಿದ್ದದ್ದು ಹೆಂಗಸರ ಸಂಘ. ನನ್ನೊಳಗೆ ತೂರುವಷ್ಟು ಸಣ್ಣ ಕೊಂಬೆಯನ್ನು ಮಾತ್ರ ಕಡಿಯಬೇಕು, ದಪ್ಪನೆಯದು ಮರದಲ್ಲೇ ಉಳಿಯಬೇಕು ಅಂತ ಅವರ ಕಟ್ಟಳೆ. ಹಾಗಿದ್ದರೆ ಮಳೆ ಬಿದ್ದ ಮೇಲೆ ಮರ ಮತ್ತೆ ಚಿಗುರುತ್ತದೆ, ಮುಂದಿನ ವರ್ಷಕ್ಕೂ ಸೌದೆಯಾಗುತ್ತದೆ. ಗೇಟಿನಲ್ಲಿ ನನ್ನನ್ನು ಹಿಡಿದು ಕೂರುವವಳು ಓಬಕ್ಕ. ಕೆರೆ ಏರಿಯ ಕೆಳಗೆ ನಲವತ್ತು ಹೊಂಗೆ ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಮರ ಮಾಡಿದವಳೂ ಅವಳೇ.

ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಘಟಕದವರು ಇನ್ನೊಂದು ಯಂತ್ರ ಕೂರಿಸಿದರು. ಅದರ ಹೊಟ್ಟೆಗೆ ಸಂಘದ ಸೌದೆ ಸಾಲದೆ ಪಾಲಯ್ಯ ಅನ್ನುವವನಿಗೆ ಗುತ್ತಿಗೆ ಕೊಟ್ಟರು. ಅವನ ಟ್ರ್ಯಾಕ್ಟರ್ ತಂದ ಸೌದೆಯಲ್ಲಿ ಒಂದು ತುಂಡೂ ನನ್ನಲ್ಲಿ ಸಿಕ್ಕಿಕೊಳ್ಳಲಿಲ್ಲ. ಆದರೆ ನನ್ನ ಒಳಮೈಗೆ ಗೊತ್ತಾಯಿತು. ಪ್ರತಿ ತುಂಡಿಗೂ ಒಂದೇ ಕಡೆ ತೊಗಟೆ, ಉಳಿದದ್ದು ಹಸೀ ಸೀಳು. ಬೊಡ್ಡೆಯನ್ನೇ ಉರುಳಿಸಿ, ನನ್ನ ಅಳತೆಗೆ ಸೀಳಿ ತಂದಿದ್ದ. ಹೇಳೋಣವೆಂದರೆ ನನಗೆ ಬಾಯಿಲ್ಲ.

ಬಾಯಿದ್ದ ಓಬಕ್ಕ ಹೇಳಿದಳು. ಸಂಜೆ ಕೆರೆ ಕಡೆ ಹೋಗಿ ಬಂದು, ಐದು ಮರ ನೆಲಸಮವಾಗಿದೆ ಅಂತಲೂ ಹೇಳಿದಳು. ಘಟಕದ ಎಂಜಿನಿಯರ್ ಕರಾರಿನ ಕಾಗದ ತೆಗೆದು ತೋರಿಸಿದರು. ಬಳೆಯಲ್ಲಿ ತೂರಿದ್ದು ಕೊಂಬೆ ಅಂತ ಬರೆದಿತ್ತು, ಕೆಳಗೆ ಸಂಘದವರದೇ ಸಹಿ. ತೊಗಟೆಯ ಮಾತು ಬರೆಸಲು ಯಾರಿಗೂ ಹೊಳೆದಿರಲಿಲ್ಲ.

"ಬಳೆ ನಿಂದೇ, ಕಟ್ಟಳೆ ನಿಂದೇ. ಇನ್ನೇನಕ್ಕ ನಿನ್ನ ತಕರಾರು?" ಅಂದ ಪಾಲಯ್ಯ.

ಮತ್ತೆ ದಿನಾ ಟ್ರ್ಯಾಕ್ಟರ್ ಬಂತು. ನನ್ನನ್ನು ದಾಟಿದ್ದೆಲ್ಲ ನ್ಯಾಯವಾಯಿತು. ನಾನು ಸೊಟ್ಟಗಾದರೂ ಆಗಬಾರದಿತ್ತೇ ಅನ್ನಿಸುತ್ತಿತ್ತು. ಮೌಲಾಸಾಬಿಯ ಕೆಲಸ ಅಷ್ಟು ಗಟ್ಟಿ.

ಓಬಕ್ಕ ಬಿಡಲಿಲ್ಲ. ರಾಶಿಯಲ್ಲಿ ಕೆದಕಿ, ಒಂದಕ್ಕೊಂದು ಕೂಡುವ ಸೀಳುಗಳನ್ನು ಹುಡುಕಿದಳು. ಅದಕ್ಕೇ ಆರು ದಿನ ಹಿಡಿಯಿತು. ಏಳು ಸೀಳು ಜೋಡಿಸಿ ಹಗ್ಗ ಬಿಗಿದಾಗ ಸುತ್ತಲೂ ತೊಗಟೆ ಬಂತು. ಅದು ಅವಳು ಆಡು ಕಟ್ಟುತ್ತಿದ್ದ ಹೊಂಗೆ; ಆಡಿನ ಹಗ್ಗ ಉಜ್ಜಿ ಆದ ಗಾಯ ಸೀಳಿನಿಂದ ಸೀಳಿಗೆ ಸರಿಯಾಗಿ ಕೂಡಿತು. ಅದನ್ನು ಎಂಜಿನಿಯರರ ಬಾಗಿಲಲ್ಲಿ ನಿಲ್ಲಿಸಿ ನನ್ನನ್ನು ಮೇಲಿಟ್ಟಳು. ನಾನು ಒಂದಿಂಚೂ ಇಳಿಯದೆ ಹಾಗೇ ಕೂತೆ.

"ತೂರಿಸಿ ಸಾಹೇಬ್ರೇ" ಅಂದಳು.

ಸುತ್ತ ತೊಗಟೆ ಇರಲೇಬೇಕು ಅಂತ ಹೊಸ ಕಾಗದ ಬರುವಷ್ಟರಲ್ಲಿ ಹದಿನೈದು ದಿನ ಕಳೆಯಿತು. ಅಷ್ಟರಲ್ಲಿ ಏರಿಯ ಕೆಳಗೆ ಉಳಿದದ್ದು ಏಳು ಮರ. ಮಿಕ್ಕ ಮೂವತ್ತಮೂರನ್ನೂ ಬೇರುಸಮೇತ ಅಗೆದಿದ್ದರು, ಚಿಗುರಲು ಬುಡವೂ ಇರಲಿಲ್ಲ.

ಈಗ ನಾನು ಆಫೀಸಿನ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ತುಕ್ಕು ಉಜ್ಜಿ ಬಣ್ಣ ಬಳಿದಿದ್ದಾರೆ. 'ಮರ ಕಾಯ್ದ ಬಳೆ' ಅಂತ ಚೀಟಿ ಅಂಟಿಸಿದ್ದಾರೆ. ಬಂದವರೆಲ್ಲ ಫೋಟೋ ತೆಗೆಯುತ್ತಾರೆ. ಗೇಟಿನಲ್ಲಿ ಓಬಕ್ಕ ಒಂದೊಂದು ಕೊಂಬೆಯನ್ನೂ ಕೈಯಲ್ಲಿ ಹೊರಳಿಸಿ ನೋಡುತ್ತಾಳೆ.

ಒಮ್ಮೆ ಸಹಿ ಹಾಕಲು ಒಳಗೆ ಬಂದವಳು ಆ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು.

"ನಲವತ್ತರಲ್ಲಿ ಏಳು ಅಂತ ಬರೀರಿ ಸಾಹೇಬ್ರೇ."

ಬರೆಸೋಣ ಅಂದರು. ಎರಡು ಮಳೆಗಾಲ ಕಳೆಯಿತು. ಚೀಟಿ ಅದೇ ಇದೆ.