ಆರು ಕೂಗಿನ ಕಾಳು

ಕುಕ್ಕರಿನ ಹಿಡಿಯನ್ನು ಕೆಳಮನೆಯ ದರ್ಜಿಯ ಹೆಂಡತಿ ತನ್ನ ಕಡೆಗೆ ಎಳೆದರೆ, ತಂಗಿ ಅದರ ಹೊಟ್ಟೆಯನ್ನೇ ತಬ್ಬಿಕೊಂಡು ತನ್ನ ಕಡೆಗೆ ಎಳೆಯುತ್ತಿದ್ದಳು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಕ್ಕನನ್ನು ಮಲಗಿಸಿದ್ದರು, ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುವುದಿತ್ತು, ಇಲ್ಲಿ ನೋಡಿದರೆ ಇಬ್ಬರು ಹೆಂಗಸರು ಒಂದು ಸೀದ ಪಾತ್ರೆಗೆ ಜಗ್ಗಾಡುತ್ತಿದ್ದರು. ನೋಡಿದವರು ಅಳಬೇಕೋ ನಗಬೇಕೋ ತಿಳಿಯದೆ ಮುಖ ತಿರುಗಿಸಿಕೊಂಡರು.

"ಬಿಡಮ್ಮಾ, ನಾನು ತಿಕ್ಕಿ ಕೊಡ್ತೀನಿ. ಮನೆ ತುಂಬ ಸೀದ ವಾಸನೆ."

"ಬೇಡ. ಹಾಗೇ ಇರಲಿ."

ದರ್ಜಿಯ ಹೆಂಡತಿ ಸೋತು ಕೈಬಿಟ್ಟಳು. ತಂಗಿ ಕುಕ್ಕರನ್ನು ತಂದು ಮೊದಲಿದ್ದ ಒಲೆಯ ಮೇಲೆಯೇ ಇಟ್ಟು ಮುಚ್ಚಳ ಮುಚ್ಚಿದಳು. ಒಳಗೆ ನಿನ್ನೆಯ ಬಿಳಿ ಬೀನ್ಸ್ ಕಾಳು ಇತ್ತು. ಮೇಲಿನ ಪದರ ಕಂದು ಬಣ್ಣಕ್ಕೆ ತಿರುಗಿತ್ತು, ಕೆಳಗೆ ಎರಡು ಬೆರಳು ದಪ್ಪ ಇದ್ದಿಲು. ಅಕ್ಕ ತನ್ನ ಕೈಯಾರೆ ನೆನೆಹಾಕಿ, ನೆನೆಸಿದ ನೀರು ಬಸಿದು, ನೊರೆ ಉಕ್ಕಬಾರದೆಂದು ಒಂದು ಚಮಚ ಎಣ್ಣೆ ಬಿಟ್ಟು ಇಟ್ಟ ಕಾಳು ಅದು.

ದರ್ಜಿಯ ಹೆಂಡತಿ ಅಲ್ಲೇ ನೆಲಕ್ಕೆ ಕುಸಿದು ಅಳತೊಡಗಿದಳು. ನಿನ್ನೆಯಿಂದ ಆಕೆ ಬಂದವರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು. ಮಧ್ಯಾಹ್ನ ಗುಂಡಿ ಹೊಲಿಯುತ್ತ ಕೂತಿದ್ದೆ, ಮೇಲಿನವರ ಕುಕ್ಕರ್ ಕೂಗುತ್ತಲೇ ಇತ್ತು, ಇವತ್ತೇನು ಕಲ್ಲು ಬೇಯಿಸ್ತಿದ್ದಾರಾ ಅಂತ ಗಂಡನ ಹತ್ತಿರ ನಗೆಯಾಡಿದೆ, ಆದರೆ ಹದಿನೆಂಟು ಮೆಟ್ಟಿಲು ಹತ್ತಿ ಬಂದು ನೋಡುವ ಬುದ್ಧಿ ಬರಲಿಲ್ಲ.

"ಹದಿನಾಲ್ಕು ಕೂಗಿತು," ಅಂದಳು ಈಗ. "ನೀನು ಸ್ನಾನಕ್ಕೆ ಹೋಗಿದ್ದೆ, ನಿನಗೆ ಕೇಳಿಸಲಿಲ್ಲ. ನನಗೆ ಕೇಳಿಸ್ತು. ಕೇಳಿಸಿಕೊಂಡು ಕೂತಿದ್ದೆ. ಈ ಪಾಪ ನನ್ನದು."

ತಂಗಿ ನಲ್ಲಿ ನಿಲ್ಲಿಸಿದಳು. ಅವಳು ಸ್ನಾನಕ್ಕೆ ಹೋಗಿರಲೇ ಇಲ್ಲ. ಬಿದ್ದು ಎಷ್ಟು ಹೊತ್ತಾಯ್ತು ಎಂದು ಆಸ್ಪತ್ರೆಯ ಡಾಕ್ಟರು ಕೇಳಿದಾಗ ಬಾಯಿಂದ ಜಾರಿದ ಸುಳ್ಳು ಅದು, ಕರೆಯದೆ ಬಂದ ನೆಂಟನ ಹಾಗೆ ಮನೆಯಲ್ಲೇ ಠಿಕಾಣಿ ಹೂಡಿಬಿಟ್ಟಿತ್ತು. ಅವಳು ಮುಂದಿನ ಕೋಣೆಯ ಕುರ್ಚಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಹದಿನಾಲ್ಕನ್ನೂ ಒಂದೊಂದಾಗಿ ಎಣಿಸಿದ್ದಳು.

ಅರ್ಧ ಗಂಟೆ ಮುಂಚೆ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ, ಅಂದರೆ ನಿನ್ನೆ ಸಂಜೆಯಿಂದ, ತಂಗಿ ಒಂದು ಹುಲ್ಲುಕಡ್ಡಿ ಹಿಡಿದುಕೊಂಡಿದ್ದಳು. ಅಕ್ಕನಿಗೆ ಕಿವಿ ಕೇಳದು. ಎಷ್ಟು ಕೂಗಿತೆಂದು ಗೊತ್ತಾಗದೆ, ತಂಗಿ ಬಂದು ಹೇಳಲಿ ಎಂದು ನಿಂತೇ ಇದ್ದಿರಬೇಕು. ಬಿದ್ದದ್ದು ಕೊನೆಯಲ್ಲಿ, ಹನ್ನೆರಡಕ್ಕೋ ಹದಿಮೂರಕ್ಕೋ. ಹಾಗಿದ್ದರೆ ತಾನು ಏಳದೆ ಕೂತಿದ್ದರಿಂದ ಸೀದದ್ದು ಕಾಳು ಮಾತ್ರ. ಹಾಗಿದ್ದರೆ ಹೇಗೋ ಬದುಕಬಹುದು.

*

ಆರು ವರ್ಷದ ಹಿಂದೆ ಗಂಡ ಬೇರೆ ಮನೆ ಮಾಡಿದ ಮೇಲೆ ತಂಗಿ ಒಂದು ಸೂಟ್‌ಕೇಸ್ ಹಿಡಿದು ಅಕ್ಕನ ಮನೆಗೆ ಬಂದಳು. ಅಕ್ಕ ಮದುವೆಯ ತಂಟೆಗೇ ಹೋಗದೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ವಯಸ್ಸು ಸವೆಸಿದವಳು. ಏನಾಯ್ತು ಎಂದು ಕೇಳಲಿಲ್ಲ. ಇವಳೂ ಹೇಳಲಿಲ್ಲ. ನಾಲ್ಕು ತಿಂಗಳು ಮುಂದಿನ ಕೋಣೆಯ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಳು. ತಟ್ಟೆ ತಂದಿಟ್ಟರೆ ಉಂಡಳು, ಇಡದಿದ್ದರೆ ಇಲ್ಲ. ತಲೆ ಬಾಚಿಕೊಳ್ಳುವುದೂ ಬೇಡವಾಗಿತ್ತು.

ಒಂದು ರಜೆಯ ದಿನ ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಎದುರಿಗೆ ಬಂದು ನಿಂತಳು.

"ನನ್ನ ಕಿವಿ ಹೋಯ್ತು ಕಣೇ. ಅಲ್ಲಿನ ಹಬೆ ಸದ್ದಿಗೆ ಪೂರ್ತಿ ಹೋಯ್ತು. ತುಟಿ ನೋಡಿದ್ರೆ ಮಾತು ತಿಳಿಯುತ್ತೆ, ಕುಕ್ಕರಿಗೆ ತುಟಿ ಇಲ್ವಲ್ಲ. ಎಷ್ಟು ಕೂಗಿತು ಅಂತ ಸ್ವಲ್ಪ ಹೇಳ್ತೀಯಾ? ಇಲ್ಲದಿದ್ರೆ ಇಬ್ಬರೂ ಗಂಜಿ ಕುಡೀಬೇಕಾಗುತ್ತೆ."

ತಂಗಿ ಎದ್ದಳು. ನಾಲ್ಕು ತಿಂಗಳಲ್ಲಿ ತಾನಾಗಿ ಎದ್ದದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊದಲ ಕೂಗಿಗೆ ಒಂದು ಬೆರಳೆತ್ತಿದಳು. ಎರಡಕ್ಕೆ ಎರಡು. ಅಕ್ಕ ಉರಿ ಇಳಿಸಿದಳು. ಐದು ಮುಗಿದ ಮೇಲೆ ಇನ್ನೊಂದು ಕೈಯ ಹೆಬ್ಬೆರಳೂ ಎದ್ದಿತು, ಅಕ್ಕ ಒಲೆ ಆರಿಸಿದಳು. ಬಿಳಿ ಕಾಳಿಗೆ ಆರು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಿಪ್ಪೆ ಒಡೆಯಬಾರದು, ಎರಡು ಬೆರಳಲ್ಲಿ ಒತ್ತಿದರೆ ಒಳಗೆ ಬೆಣ್ಣೆಯಾಗಿರಬೇಕು. ಹಬೆ ತಾನಾಗಿ ಇಳಿದ ಮೇಲೆಯೇ ಮುಚ್ಚಳ ತೆಗೆಯುವುದು, ಬೆಂದ ಮೇಲೆಯೇ ಉಪ್ಪು. ಅಷ್ಟು ಹೊತ್ತು ಬಾಗಿಲಲ್ಲಿ ನಿಂತವಳು ಬರಿಗೈಲಿ ನಿಲ್ಲುವುದೇಕೆಂದು ಈರುಳ್ಳಿ ಸುಲಿದಳು. ಈರುಳ್ಳಿ ಸುಲಿಯುವಾಗ ಅತ್ತರೆ ಯಾರೂ ಯಾಕೆಂದು ಕೇಳುವುದಿಲ್ಲ. ಅಂದು ಇಬ್ಬರೂ ಒಂದೇ ತಟ್ಟೆಯಿಂದ ಉಂಡರು.

*

ಗಾಡಿ ಹನ್ನೊಂದಕ್ಕಲ್ಲ, ಹನ್ನೆರಡಕ್ಕೆ ಬಂತು. ಸ್ಮಶಾನದಲ್ಲಿ ಜನ ಹೆಚ್ಚಿರಲಿಲ್ಲ. ದೂರದಿಂದ ಬಂದ ತಮ್ಮ, ದರ್ಜಿ ಮತ್ತು ಅವನ ಹೆಂಡತಿ, ಬೀದಿಯ ನಾಲ್ಕು ಮನೆಯವರು, ಆಸ್ಪತ್ರೆಯ ಅಡುಗೆಮನೆಯಿಂದ ಐದಾರು ಮಂದಿ. ಅಡುಗೆಯವರು ತಲೆಯ ಬಿಳಿ ಟೊಪ್ಪಿಯನ್ನೂ ತೆಗೆಯದೆ ಬಂದಿದ್ದರು, ಮಣ್ಣು ಹಾಕಿದ ಕೂಡಲೇ ರೋಗಿಗಳ ಊಟಕ್ಕೆ ಓಡಬೇಕಿತ್ತು. ಅವರಲ್ಲಿ ಒಬ್ಬ ಮಾತ್ರ ಉಳಿದುಕೊಂಡ. ಅಕ್ಕನ ಜೊತೆಗೆ ಹದಿನೈದು ವರ್ಷ ಒಂದೇ ಕಟ್ಟೆಯಲ್ಲಿ ಬೇಯಿಸಿದವನು. ಹೊಸದರಲ್ಲಿ ಕಾಳಿಗೆ ಮೊದಲೇ ಉಪ್ಪು ಸುರಿದು ಇನ್ನೂರು ಜನರ ಊಟ ಬೇಯದಂತೆ ಮಾಡಿದ್ದನಂತೆ, ಆವತ್ತಿನಿಂದ ಅವನಿಗೆ ಉಪ್ಪಣ್ಣ ಎಂದೇ ಹೆಸರು. ಅವನು ಅಕ್ಕನನ್ನು ಮೇಷ್ಟ್ರಮ್ಮ ಅನ್ನುತ್ತಿದ್ದ.

ತಂಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು, ಹಾಕಲು ಕೈ ಬಿಚ್ಚಲೇ ಇಲ್ಲ. ತಮ್ಮ ಮೆಲ್ಲಗೆ ಅವಳ ಬೆರಳು ಬಿಡಿಸಬೇಕಾಯಿತು.

*

ನಿನ್ನೆ ಅಕ್ಕತಂಗಿಯರ ನಡುವೆ ನಡೆದ ಜಗಳಕ್ಕೆ ಕಾರಣ ಕೇಳಿದರೆ ಯಾರಾದರೂ ನಕ್ಕಾರು. ಇವಳಿಗೆ ಮನೆಯಲ್ಲಿ ಹೊತ್ತು ಹೋಗಲ್ಲ, ಅಂಚು ಹೊಲಿಯುವ ಕೆಲಸ ಏನಾದರೂ ಇದ್ದರೆ ಕೊಡಿ ಎಂದು ಅಕ್ಕ ದರ್ಜಿಯ ಹೆಂಡತಿಗೆ ಹೇಳಿದ್ದಳು. ಆ ಮಾತು ಮೆಟ್ಟಿಲು ಹತ್ತಿ ತಂಗಿಯ ಕಿವಿಗೆ ಬಿತ್ತು. ನಾನು ನಿನಗೆ ಭಾರವಾದೆನಾ, ಊರಿಗೆಲ್ಲ ಸಾರಿಕೊಂಡು ಬಂದೆಯಾ ಎಂದು ಹಾರಾಡಿದಳು. ಅಕ್ಕ ಕುಕ್ಕರಿಗೆ ನೀರು ಅಳೆಯುತ್ತ ಅವಳ ತುಟಿಯನ್ನೇ ನೋಡುತ್ತಿದ್ದಳು. ಆ ನೋಟವೂ ಅಂದು ಮೈ ಉರಿಸಿತು. ತಂಗಿ ಹತ್ತಿರ ಹೋಗಿ, ತುಟಿ ಸ್ಪಷ್ಟವಾಗಿ ಕಾಣುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಇನ್ಮೇಲೆ ನಿನ್ನ ಕೂಗು ನೀನೇ ಎಣಿಸ್ಕೋ."

"ಆಗಲಿ ಬಿಡು," ಅಂದಳು ಅಕ್ಕ.

ತಂಗಿ ಕುರ್ಚಿಗೆ ಹೋಗಿ ಕೂತಳು. ಒಂದು ಕೂಗಿತು. ಎರಡು. ಕಾಲು ತಾನಾಗಿ ಏಳಲು ನೋಡಿತು, ತಡೆದಳು. ಮೂರು ಕೂಗಿದ ಮೇಲೆ ಒಳಗೆ ಏನೋ ಸ್ಟೀಲ್ ಪಾತ್ರೆ ಠಣ್ಣೆಂದು ಬಿದ್ದು ಉರುಳಿದ ಸದ್ದು. ಓಹೋ, ಪಾತ್ರೆ ಕುಕ್ಕಿ ಸಿಟ್ಟು ತೋರಿಸ್ತಿದ್ದಾಳೆ, ತೋರಿಸಲಿ ಅಂದುಕೊಂಡಳು. ಆರಾಯಿತು. ಈಗ ಬಂದು ಕೇಳ್ತಾಳೆ, ಕೇಳಿದರೆ ಹೇಳ್ತೀನಿ ಅಂದುಕೊಂಡಳು. ಎಂಟು. ಹತ್ತು. ಬರಲಿಲ್ಲ. ಇವಳಿಗೂ ಹಟ ಹೆಚ್ಚಾಯಿತು. ಹದಿನಾಲ್ಕರ ನಂತರ ಕೂಗು ನಿಂತು, ಸೀದ ವಾಸನೆ ಮುಂದಿನ ಕೋಣೆಯ ತನಕ ಬಂತು. ಆಗ ಎದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

ಅಕ್ಕ ಕಟ್ಟೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮುಖ ಬಾಗಿಲ ಕಡೆಗಿತ್ತು.

*

ಸ್ಮಶಾನದಿಂದ ಬಂದ ಮೇಲೆ ಉಪ್ಪಣ್ಣ ನೀರು ಕುಡಿಯಲೆಂದು ಅಡುಗೆಮನೆಗೆ ಹೋದ. ಅಡುಗೆಯವನಿಗೆ ಮುಚ್ಚಿಟ್ಟ ಪಾತ್ರೆ ಕಂಡರೆ ಕೈ ಸುಮ್ಮನಿರದು, ಕುಕ್ಕರ್ ತೆರೆದು ನೋಡಿದ. ಮೇಲಿನ ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಒತ್ತಿದ. ತಂಗಿ ಹಿಂದೆಯೇ ಬಂದಿದ್ದಳು, ದರ್ಜಿಯ ಹೆಂಡತಿ ಅವಳ ಹಿಂದೆ. ಇವರನ್ನು ನೋಡಿ, ಮೇಷ್ಟ್ರಮ್ಮನ ಕೈಯ ಕಾಳು ಇವತ್ತಿನ ತನಕ ತಳ ಹಿಡಿದಿದ್ದು ನಾನು ಕಾಣೆ ಅಂದ.

"ನೀನು ಆರಿಸಿದಾಗ ಉರಿ ಹೇಗಿತ್ತಮ್ಮ?"

"ಸಣ್ಣಗಿತ್ತು."

"ಹಾಗಾದ್ರೆ ಎರಡನೇ ಕೂಗಿನ ತನಕ ಚೆನ್ನಾಗೇ ಇದ್ದಳು. ಎರಡಕ್ಕೆ ಇಳಿಸೋದು, ಆರಕ್ಕೆ ಆರಿಸೋದು."

ತಂಗಿ ಒಲೆಯ ಗುಂಡಿಯ ಕಡೆ ನೋಡಿದಳು. ಎರಡಕ್ಕೆ ತಾನು ಬೆರಳೆತ್ತಿರಲಿಲ್ಲ. ಅಕ್ಕನಿಗೆ ಎರಡಾಯಿತೆಂದು ಹೇಳಿದವರು ಯಾರು? ಆದರೂ ಹುಲ್ಲುಕಡ್ಡಿ ಬಿಡಲು ಮನಸ್ಸಿಲ್ಲ.

"ಅಂದಾಜಿಗೆ ಇಳಿಸಿರ್ತಾಳೆ," ಅಂದಳು. "ಅವಳಿಗೆ ಕೇಳ್ತಿರಲಿಲ್ಲವಲ್ಲ. ಯಾವಾಗಲೂ ನಾನೇ ಎಣಿಸಿ ಹೇಳ್ತಿದ್ದೆ. ನಾನು ಬರಲಿ ಅಂತ ಕಾಯ್ತಾ ನಿಂತಿದ್ದಳೇನೋ. ಕೊನೇಲಿ ಬಿದ್ದಿರಬೇಕು."

ಉಪ್ಪಣ್ಣ ಅಳುವಿನ ನಡುವೆಯೂ ನಕ್ಕುಬಿಟ್ಟ. ಮೇಷ್ಟ್ರಮ್ಮನ ಕಿವಿ ಹೋಗಿ ಹತ್ತು ವರ್ಷವಾಗಿತ್ತು, ತಂಗಿ ತಿಳಿದಂತೆ ಆರಲ್ಲ. ಆಸ್ಪತ್ರೆಯಲ್ಲಿ ಒಂದೇ ಕಲ್ಲಿನ ಕಟ್ಟೆಯ ಮೇಲೆ ಆರು ದೊಡ್ಡ ಕುಕ್ಕರ್. ಅವಳು ಬೆನ್ನು ಹಾಕಿ ತರಕಾರಿ ಹೆಚ್ಚುತ್ತಲೇ ಎಡಗೈಯನ್ನು ಕಟ್ಟೆಯ ಮೇಲೆ ಊರುತ್ತಿದ್ದಳು. ಕೂಗು ಬಂದಾಗ ಕಲ್ಲು ನಡುಗುವುದು ಅಂಗೈಗೆ ತಿಳಿಯುತ್ತಿತ್ತು. ಯಾವ ಕುಕ್ಕರ್, ಎಷ್ಟನೇ ಕೂಗು, ಒಂದು ದಿನವೂ ತಪ್ಪಿದ್ದಿಲ್ಲ. ಎರಡು ಕಿವಿ ನೆಟ್ಟಗಿದ್ದ ತಾವೇ ಎಷ್ಟೋ ಸಲ ಅವಳ ಬಳಿ ಹೋಗಿ, ಎಷ್ಟಾಯ್ತು ಮೇಷ್ಟ್ರಮ್ಮ ಎಂದು ಕೇಳುತ್ತಿದ್ದರಂತೆ.

"ಮನೇಲಿ ನನಗೆ ಎಣಿಸಿ ಹೇಳೋರಿದ್ದಾರೆ ಅಂತ ಹೆಮ್ಮೆಯಿಂದ ಹೇಳೋಳು. ನಿನಗ್ಯಾಕೆ ಎಣಿಸೋರು, ಕೈ ಇಲ್ವಾ ಅಂದೆ ಒಂದು ಸಲ. ಎಣಿಸೋಕೆ ಅಂತಾದ್ರೂ ಎದ್ದು ಬಾಗಿಲ ತನಕ ಬರ್ತಾಳಲ್ಲೋ ಅಂದಳು."

ತಂಗಿ ಕಟ್ಟೆ ಹಿಡಿದು ನಿಂತಳು. ಆರು ವರ್ಷದಲ್ಲಿ ಒಂದು ದಿನವಾದರೂ ಬೆರಳೆತ್ತಿದ್ದನ್ನು ನೋಡು ಎಂದು ಅವಳು ಅಕ್ಕನನ್ನು ಕರೆಯಬೇಕಾಗಿ ಬಂದದ್ದುಂಟೇ? ಇಲ್ಲ. ಅವಳು ಬರುವ ಮೊದಲೇ ಅಕ್ಕ ಬಾಗಿಲ ಕಡೆ ತಿರುಗಿ ನಗುತ್ತ ನಿಂತಿರುತ್ತಿದ್ದಳು. ಎಡಗೈ ಕಟ್ಟೆಯ ಮೇಲೆ ಇರುತ್ತಿತ್ತು. ಅದನ್ನು ದಿನವೂ ನೋಡಿದ್ದಳು.

ಉಪ್ಪಣ್ಣ ಸಮಾಧಾನ ಹೇಳುತ್ತಿದ್ದ. ಪಾಪ, ಒಳ್ಳೆಯ ಮನುಷ್ಯ.

"ಆರಕ್ಕೆ ಆರಿಸಿಲ್ಲ ಅಂದ್ರೆ ಆರರೊಳಗೇ ಬಿದ್ದಿದ್ದಾಳೆ. ಅಲ್ಲಿಗೆ ಮುಗೀತು. ನೀನು ಸ್ನಾನದಲ್ಲಿ, ಇವರು ಕೆಳಗೆ. ಯಾರೇನು ಮಾಡೋಕಾಗುತ್ತೆ ಹೇಳು."

ಆರರೊಳಗೆ. ಮೂರಾದ ಮೇಲೆ ಪಾತ್ರೆ ಬಿದ್ದಿತ್ತು. ಆಮೇಲೆ ಹನ್ನೊಂದು ಕೂಗು. ಸಣ್ಣ ಉರಿಯಲ್ಲಿ ಒಂದು ಕೂಗಿಗೂ ಇನ್ನೊಂದಕ್ಕೂ ಮೂರು ನಾಲ್ಕು ನಿಮಿಷ. ಲೆಕ್ಕ ಬೇಡವೆಂದರೂ ಮನಸ್ಸು ಮಾಡಿಯೇ ಮಾಡಿತು. ಡಾಕ್ಟರು ಕೇಳಿದ ಅರ್ಧ ಗಂಟೆ ಅಲ್ಲೇ ಇತ್ತು, ಅದಕ್ಕಿಂತ ಹೆಚ್ಚೇ ಇತ್ತು. ಅಷ್ಟೂ ಹೊತ್ತು ಅವಳು ಹತ್ತು ಹೆಜ್ಜೆ ದೂರದಲ್ಲಿ ಕುರ್ಚಿಯ ಮೇಲೆ ಕೂತು ಹಟ ಸಾಧಿಸುತ್ತಿದ್ದಳು.

"ಏಳನೇ ಕೂಗಿಗಾದ್ರೂ ನಾನು ಬರಬಹುದಿತ್ತು," ಅಂದಳು ದರ್ಜಿಯ ಹೆಂಡತಿ. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. "ರಾತ್ರಿಯೆಲ್ಲ ಕಿವೀಲಿ ಅದೇ ಕೂಗು. ಇನ್ನು ಸಾಯೋ ತನಕ ನನಗೆ ಇದೇ."

ಈಗ ಹೇಳಬೇಕು ಎಂದು ತಂಗಿಗೆ ಗೊತ್ತಿತ್ತು. ನಾನು ಸ್ನಾನಕ್ಕೆ ಹೋಗಿರಲಿಲ್ಲ ಎಂಬ ಒಂದೇ ಮಾತು, ಈ ಹೆಂಗಸಿನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಬಾಯಿ ತೆರೆದಳು ಕೂಡ.

"ಇವಳಿಗೇನು ಗೊತ್ತು ಪಾಪ," ಅಂದಳು ದರ್ಜಿಯ ಹೆಂಡತಿ ಉಪ್ಪಣ್ಣನಿಗೆ. "ನೀರಿನ ಸದ್ದಿನಲ್ಲಿ ಏನು ಕೇಳಿಸುತ್ತೆ? ಅಲ್ವೇನಮ್ಮಾ?"

"ಹೂಂ," ಅಂದಳು ತಂಗಿ.

ದರ್ಜಿಯ ಹೆಂಡತಿ ಅವಳ ತಲೆ ಸವರಿ, ನಿನಗೂ ಸೇರಿಸಿ ಒಂದು ಹಿಡಿ ಅನ್ನ ಇಡ್ತೀನಿ, ಬೇಡ ಅನ್ನಬೇಡ ಎಂದು ಮೆಟ್ಟಿಲಿಳಿದು ಹೋದಳು. ಉಪ್ಪಣ್ಣ ಸಂಜೆಯ ಪಾಳಿಗೆ ಹೊರಟ. ತಮ್ಮ ಮುಂದಿನ ಕೋಣೆಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದ. ಕಿಟಕಿಯ ಕೆಳಗೆ ಒಂದು ಬೋಗುಣಿಯಲ್ಲಿ, ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದೆಂದು ಅಕ್ಕ ತೆಗೆದಿಟ್ಟಿದ್ದ ಉಳಿದ ಕಾಳು ಇನ್ನೂ ನೀರಿನಲ್ಲಿತ್ತು. ಕೆಲವು ಮೊಳಕೆಯ ಬಾಯಿ ಬಿಟ್ಟಿದ್ದವು. ತಂಗಿ ಅದನ್ನು ನೋಡಿದಳು, ಮುಟ್ಟಲಿಲ್ಲ. ಹೋಗಿ ತನ್ನ ಕುರ್ಚಿಯಲ್ಲಿ ಕೂತಳು.

ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಮನೆಯ ಕುಕ್ಕರ್ ಕೂಗಿತು.

ಅವಳು ಎದ್ದಳು. ಏಳಬೇಕೆಂದು ಎದ್ದದ್ದಲ್ಲ, ಕಾಲು ಎದ್ದಿತು. ಅಡುಗೆಮನೆಯ ಬಾಗಿಲಿಗೆ ಹೋಗಿ, ಖಾಲಿ ಕಟ್ಟೆಯ ಕಡೆಗೆ ಒಂದು ಬೆರಳೆತ್ತಿದಳು. ಮತ್ತೊಮ್ಮೆ ಕೂಗಿತು, ಎರಡು ಬೆರಳು. ಮತ್ತೊಮ್ಮೆ, ಮೂರು. ಅನ್ನಕ್ಕೆ ಮೂರು ಸಾಕು. ಕುಕ್ಕರಿನ ಎದುರಿಗೇ ಕಾದು ನಿಂತಿದ್ದ ದರ್ಜಿಯ ಹೆಂಡತಿ ಟಕ್ಕೆಂದು ಒಲೆ ಆರಿಸಿದಳು. ಮೇಲೆ ಅಡುಗೆಮನೆಯ ಬಾಗಿಲಲ್ಲಿ ತಂಗಿ ಮೂರು ಬೆರಳು ಎತ್ತಿ ಹಿಡಿದು, ನಾಲ್ಕನೆಯದಕ್ಕೆ ಕಾಯುತ್ತ ನಿಂತೇ ಇದ್ದಳು.