ದೇಶದ ಪರವಾಗಿ

ಸರ್ಕಾರ ಗಡೀಪಾರು ಮಾಡಿದ್ದ ಕವಿ ಪರದೇಶದ ಒಂದು ಊರಿನಲ್ಲಿ ತೀರಿಕೊಂಡಿದ್ದ. ಹುಟ್ಟಿದ ನೆಲದಲ್ಲಿ ಮಣ್ಣು ಮಾಡಲು ಬಿಡಿ ಎಂದು ಹೆಂಡತಿ ಅಂಗಲಾಚಿದಳು. ಸರ್ಕಾರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ಅಲ್ಲಿಯ ಚರ್ಚಿನಲ್ಲೇ ಅಂತ್ಯಸಂಸ್ಕಾರದ ಪ್ರಾರ್ಥನೆ, ಬಲಿಪೂಜೆ ಇಟ್ಟುಕೊಂಡಳು.

ಅದೇ ಸರ್ಕಾರ ಆ ದೇಶಕ್ಕೆ ಕಳಿಸಿದ್ದ ರಾಯಭಾರಿ ಪೂಜೆಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾಗ ವಿದೇಶಾಂಗ ಕಾರ್ಯದರ್ಶಿಯ ಫೋನು ಬಂತು. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುವ ಆಸಾಮಿ.

“ಹೋಗ್ಬೇಡಿ ಅಂತ ನಾನೆಲ್ಲಿ ಅಂದೆ? ನೀವು ಕ್ಯಾಥೊಲಿಕ್ಕರು, ದಿನಾ ಚರ್ಚಿಗೆ ಹೋಗೋರು. ಟ್ಯಾಕ್ಸೀಲಿ ಹೋಗಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಕೇಳಿದ್ರೆ ದಿನದ ಪ್ರಾರ್ಥನೆಗೆ ಬಂದಿದ್ದೆ ಅನ್ನಿ. ನಿಮ್ಮ ಕುರ್ಚಿನೂ ಉಳಿಯುತ್ತೆ, ನಮ್ಮ ಮಾನಾನೂ ಉಳಿಯುತ್ತೆ.”

ರಾಯಭಾರಿಗೆ ಮೈಯೆಲ್ಲ ಉರಿದುಹೋಯಿತು. ಅವರು ಕಾದಂಬರಿಕಾರರೂ ಹೌದು. ಪ್ರತಿ ಕಾದಂಬರಿಯಲ್ಲೂ ಯಾರಾದರೊಬ್ಬ ಪಾಪಿಯ ಬಾಯಿಂದ ನಿಜ ಹೊರಡಿಸದೆ ಬಿಟ್ಟವರಲ್ಲ. ಈಗ ಈ ಪುಣ್ಯಾತ್ಮ ತನ್ನ ಸುಳ್ಳಿಗೆ ದೇವರನ್ನೇ ಸಾಕ್ಷಿ ಮಾಡಲು ನೋಡುತ್ತಿದ್ದ.

ರಾಯಭಾರಿಯ ಹೆಂಡತಿ ಅವರ ಟೈ ಸರಿಮಾಡುತ್ತ ಕೇಳಿದಳು: “ಆ ಕವಿ ಮಹಾಶಯ ನಿಮ್ಮ ಕಾದಂಬರಿಗಳನ್ನ ಚರ್ಚಿನ ಬಾಗಿಲ ಮೇಣದಬತ್ತಿ ಅಂಗಡಿ ಅಂತ ಆಡ್ಕೊಂಡಿದ್ದ. ಮರೆತ್ರಾ?”

“ಇಲ್ಲ. ಅಷ್ಟು ಗಮನ ಇಟ್ಟು ನನ್ನನ್ನ ಇನ್ಯಾರೂ ಓದಿಲ್ಲ ಕಣೇ.”

“ಕೆಲಸ ಹೋಗುತ್ತೆ.”

“ಸಂಜೆವರೆಗಾದ್ರೂ ಇರುತ್ತೆ. ಅಷ್ಟು ಸಾಕು.”

ಟ್ಯಾಕ್ಸಿ ಕರೆಸಲಿಲ್ಲ. ಬಾವುಟ ಹಾರಿಸಿಕೊಂಡ ಕಚೇರಿ ಕಾರಿನಲ್ಲೇ ಹೋಗಿ, ಮೊದಲ ಬೆಂಚಿನಲ್ಲಿ ಕವಿಯ ಹೆಂಡತಿಯ ಪಕ್ಕ ಕೂತರು. ಆಕೆ ಸ್ವಲ್ಪ ಸರಿದು ಕೂತಳು. ಪೂಜೆ ಮುಗಿದ ಮೇಲೆ ಶವಪೆಟ್ಟಿಗೆಯ ಹಿಂದೆ ನಡೆದರು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು.

ಮೆಟ್ಟಿಲ ಮೇಲೆ ಪತ್ರಕರ್ತರು ಮುತ್ತಿಕೊಂಡರು. ಕಾರ್ಯದರ್ಶಿ ಅಷ್ಟರೊಳಗೆ ಅವರಿಗೆಲ್ಲ ಸುದ್ದಿ ಮುಟ್ಟಿಸಿ ತನ್ನ ಕೈಚಳಕ ತೋರಿಸಿಯಾಗಿತ್ತು.

“ದಿನದ ಪ್ರಾರ್ಥನೆಗೆ ಬಂದಿದ್ರಂತೆ, ಹೌದಾ ಸರ್?”

“ಅಲ್ಲ. ರಾಯಭಾರಿಯಾಗಿ ಬಂದೆ.” ಕವಿಯ ಹೆಂಡತಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: “ಅಮ್ಮಾ, ನಿಮ್ಮ ಯಜಮಾನರಿಗೆ ನಮ್ಮ ದೇಶ ಆರಡಿ ಮೂರಡಿ ಜಾಗ ಕೊಡಲಿಲ್ಲ. ತಪ್ಪಾಯ್ತು. ದೇಶದ ಪರವಾಗಿ ಕ್ಷಮೆ ಕೇಳ್ತೀನಿ.”

ಒಬ್ಬ ಪತ್ರಕರ್ತ ತಡವರಿಸಿದ. “ಇದು... ಸರ್ಕಾರದ ಮಾತಾ, ನಿಮ್ಮ ಸ್ವಂತದ್ದಾ?”

“ನನ್ನನ್ನ ತೆಗೆಯೋವರೆಗೂ ನಾನು ಇಲ್ಲಿ ಆಡಿದ್ದು ದೇಶದ ಮಾತೇ. ನಾಳೆ ನನ್ನನ್ನ ವಾಪಸ್ ಕರೆಸ್ಕೋಬಹುದು. ಈ ಮಾತನ್ನ ಕರೆಸ್ಕೊಳ್ಳೋಕಾಗಲ್ಲ. ಬರ್ಕೊಳ್ಳಿ.”

ಎಲ್ಲರೂ ಬರೆದುಕೊಂಡರು.